ಪರದೆಯ ಆಚೆ ಯಾರಿದ್ದಾರೆ?



ವಿಡಿಯೋ ಆಟಗಳ ಬಗ್ಗೆ ಹಳೆಯ ಮೇಷ್ಟ್ರೊಬ್ಬರು ಮಾತನಾಡುತ್ತಾರೆಂದು ತಿಳಿದು ನಿಮ್ಮ ತಂದೆ ತಾಯಿ ಸಂತೋಷದಿಂದ ಕುರ್ಚಿ ಎಳೆದುಕೊಂಡು ಕುಳಿತಿರಬಹುದು. ನೀವು ಮೆಲ್ಲನೆ ಎದ್ದು ಹೋಗಲು ದಾರಿ ಹುಡುಕುತ್ತಿರಬಹುದು. ಇಬ್ಬರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ. ಆಟ ಆಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಹಾಗೆ ಹೇಳಿಸಿಕೊಂಡು ಆಟ ಬಿಟ್ಟವರನ್ನು ನನ್ನ ಮೂವತ್ತು ವರ್ಷಗಳ ಮೇಷ್ಟ್ರುಗಿರಿಯಲ್ಲಿ ನಾನಂತೂ ಕಂಡಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಒಂಬತ್ತನೆಯ ತರಗತಿ ಮುಗಿಸಿದ ಹುಡುಗ. ತಿಂಡಿಗೆ ಕುಳಿತಾಗಲೂ ಎಡಗೈಯಲ್ಲಿ ಫೋನು. ಪರದೆಯ ಮೇಲೆ ಒಂದು ಆಕಾಶನೌಕೆ, ಎದುರಿನಿಂದ ಹಿಂಡು ಹಿಂಡಾಗಿ ಬರುವ ಶತ್ರು ನೌಕೆಗಳು. ಮೂರು ದಿನ ನೋಡಿಯೂ ನೋಡದಂತಿದ್ದು ನಾಲ್ಕನೆಯ ದಿನ ಕೇಳಿದೆ: "ಅಷ್ಟು ಹೊತ್ತಿನಿಂದ ಹೊಡೀತಾ ಇದ್ದೀಯಲ್ಲ, ಯಾರಪ್ಪಾ ಅವರು?"

"ಏಲಿಯನ್ಸ್, ಮಾಮ."

"ನಿನಗೇನು ಮಾಡಿದ್ರು ಅವರು?"

ಅವನ ಬೆರಳು ಒಂದು ಕ್ಷಣ ನಿಂತಿತು. "ಅದೆಲ್ಲಾ ಶುರುವಿನಲ್ಲಿ ಸ್ಟೋರಿ ಬರುತ್ತೆ ಮಾಮ. ನಾನು ಸ್ಕಿಪ್ ಮಾಡ್ಬಿಟ್ಟೆ."

ಇಂದಿನ ನನ್ನ ಮಾತು ಅವನು ದಾಟಿಸಿಬಿಟ್ಟ ಆ ಕಥೆಯನ್ನು ಕುರಿತದ್ದು. ವಿಡಿಯೋ ಆಟಕ್ಕೂ ವಿಜ್ಞಾನ ಸಾಹಸಕಥೆಗೂ ಇರುವ ಸಂಬಂಧ ಬಹಳ ಹಳೆಯದು. ಒಂದರ ಮನೆಯಲ್ಲಿ ಇನ್ನೊಂದು ಹುಟ್ಟಿದೆ. ಒಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಇನ್ನೊಂದು ಕೇಳಿದೆ.

ಆಟ ಮೊದಲೋ ಕಥೆ ಮೊದಲೋ ಎಂದರೆ ಅನುಮಾನವೇ ಇಲ್ಲ, ಕಥೆಯೇ ಮೊದಲು. 1961ರಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ಪ್ರಸಿದ್ಧ ತಂತ್ರಜ್ಞಾನ ಸಂಸ್ಥೆಗೆ ಪಿಡಿಪಿ-1 ಎಂಬ ಗಣಕಯಂತ್ರವೊಂದು ಬಂತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ ಅದನ್ನು ಸಂಸ್ಥೆಗೆ ಉಡುಗೊರೆಯಾಗಿ ಕೊಟ್ಟಿತ್ತು. ಅಂಗಡಿಯ ಬೆಲೆ ಎನ್ನುವುದಾದರೆ ಸುಮಾರು 1,20,000 ಡಾಲರು. ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತಿದ್ದ ಆ ಯಂತ್ರದ ಜ್ಞಾಪಕಶಕ್ತಿ ಇಂದಿನ ಲೆಕ್ಕದಲ್ಲಿ ಸುಮಾರು 9 ಕಿಲೋಬೈಟು. ನೀವು ಗೆಳೆಯನಿಗೆ ಕಳಿಸುವ ಒಂದು ಹೂವಿನ ಚಿತ್ರಕ್ಕೂ ಅಷ್ಟು ಜಾಗ ಸಾಲದು. ಆದರೆ ಅದಕ್ಕೊಂದು ದುಂಡನೆಯ ಪರದೆ ಇತ್ತು. ಆ ಕಾಲದ ಗಣಕಗಳಲ್ಲಿ ಅದೊಂದು ಭಾಗ್ಯ.

ಸ್ಟೀವ್ ರಸೆಲ್, ಮಾರ್ಟಿನ್ ಗ್ರೆಟ್ಸ್, ವೇಯ್ನ್ ವೀಟನೆನ್ ಎಂಬ ಮೂವರು ಗೆಳೆಯರು ಈ ಪರದೆಯನ್ನು ನೋಡಿ ಏನು ಮಾಡಬಹುದೆಂದು ತಲೆ ಕೆಡಿಸಿಕೊಂಡರು. ಮೂವರೂ ಇ. ಇ. ಸ್ಮಿತ್ ಎಂಬ ಲೇಖಕನ ವಿಜ್ಞಾನ ಸಾಹಸಕಥೆಗಳ ಹುಚ್ಚು ಹತ್ತಿಸಿಕೊಂಡವರು. ನಕ್ಷತ್ರಗಳ ನಡುವೆ ನೌಕೆಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದು, ನಾಯಕ ಸಿಕ್ಕಿಬೀಳುವುದು, ಏನೋ ಒಂದು ಹೊಸ ಯಂತ್ರ ಕಂಡುಹಿಡಿದು ತಪ್ಪಿಸಿಕೊಳ್ಳುವುದು, ಮತ್ತೆ ಅಟ್ಟಿಸಿಕೊಂಡು ಹೋಗುವುದು, ಇದೇ ಆ ಕಾದಂಬರಿಗಳ ಹೂರಣ. ಸಾಹಿತ್ಯವೆಂದು ನೋಡಿದರೆ ಬಲು ಒರಟು ಬರವಣಿಗೆ. ಅದರಲ್ಲಿ ಪಾತ್ರಗಳಿಗಿಂತ ನೌಕೆಗಳಿಗೇ ಹೆಚ್ಚು ಜೀವ. ಆದರೂ ಆ ಕಥೆಗಳನ್ನು ಪರದೆಯ ಮೇಲೆ ತರಬಾರದೇಕೆ ಎಂಬ ಆಸೆ ಈ ಹುಡುಗರಲ್ಲಿ ಹುಟ್ಟಿತು. ಹೀಗೆ 1962ರ ಆರಂಭದಲ್ಲಿ 'ಸ್ಪೇಸ್‌ವಾರ್' ಎಂಬ ಆಟ ಸಿದ್ಧವಾಯಿತು.

ಸಿದ್ಧವಾದ ಕಥೆಯೂ ಸ್ವಾರಸ್ಯವಾಗಿದೆ. ಬರೆಯಬೇಕಾದ ರಸೆಲ್ ಮಹಾಶಯ ಇವತ್ತು ನಾಳೆ ಎಂದು ದಿನ ತಳ್ಳುತ್ತಿದ್ದ. ನೌಕೆಯನ್ನು ಯಾವ ಕೋನಕ್ಕೆ ತಿರುಗಿಸಿದರೆ ಅದು ಯಾವ ಕಡೆ ಚಲಿಸಬೇಕೆಂದು ಲೆಕ್ಕ ಹಾಕಲು ಸೈನ್, ಕೊಸೈನ್ ಬೇಕಲ್ಲ, ಅದನ್ನು ಗಣಕಕ್ಕೆ ಕಲಿಸುವ ಕ್ರಮವಿಧಿ ನನ್ನ ಬಳಿ ಇಲ್ಲ ಎಂಬುದು ಅವನ ನೆಪ. ಅಲನ್ ಕೋಟಕ್ ಎಂಬ ಇನ್ನೊಬ್ಬ ಗೆಳೆಯ ನೇರವಾಗಿ ಆ ಕಂಪನಿಗೇ ಹೋಗಿ, ಅದನ್ನು ತೂತು ಕೊರೆದ ಕಾಗದದ ಸುರುಳಿಯಲ್ಲಿ ತಂದು ರಸೆಲ್‌ನ ಮುಂದೆ ಇಟ್ಟ. ಇನ್ನೇನು ನೆಪ ಉಳಿಯಿತು? ಕೆಲಸ ಶುರುವಾಯಿತು. ತ್ರಿಕೋನಮಿತಿ ಜೀವನದಲ್ಲಿ ಯಾವುದಕ್ಕೆ ಬರುತ್ತದೆ ಸಾರ್ ಎಂದು ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಈ ಪ್ರಸಂಗ ನನಗೆ ಆಗಲೇ ತಿಳಿದಿದ್ದರೆ ಚೆನ್ನಾಗಿತ್ತು.

ಆ ಆಟದಲ್ಲಿ ಎರಡು ನೌಕೆಗಳು. ಒಂದು ಸೂಜಿಯಂತೆ ಸಪೂರ, ಇನ್ನೊಂದು ಬೆಣೆಯಂತೆ ದಪ್ಪ. ನಡುವೆ ಒಂದು ನಕ್ಷತ್ರ. ಎರಡು ನೌಕೆಗಳನ್ನೂ ಅದು ತನ್ನತ್ತ ಎಳೆಯುತ್ತದೆ. ಹತ್ತಿರ ಹೋದಷ್ಟೂ ಎಳೆತ ಜೋರು. ಇದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗುರುತ್ವದ ನಿಯಮವೇ. ಈ ಗುರುತ್ವವನ್ನು ಆಟದೊಳಗೆ ಸೇರಿಸಿದವನು ಡ್ಯಾನ್ ಎಡ್ವರ್ಡ್ಸ್. ಹಿನ್ನೆಲೆಯಲ್ಲಿ ಚುಕ್ಕೆಗಳನ್ನು ಮನಬಂದಂತೆ ಚೆಲ್ಲಿದ್ದು ಪೀಟರ್ ಸ್ಯಾಮ್ಸನ್ ಎಂಬಾತನಿಗೆ ಸರಿ ಕಾಣಲಿಲ್ಲ. ಅವನು ಆಕಾಶದ ನಿಜವಾದ ನಕ್ಷತ್ರಗಳನ್ನೇ, ಅವುಗಳ ಪ್ರಕಾಶದ ಹೆಚ್ಚು ಕಡಿಮೆ ಸಮೇತ, ಪರದೆಯ ಮೇಲೆ ಕೂಡಿಸಿದ. ನೌಕೆಗಳಿಗೆ ಗುರುತ್ವ ಉಂಟು, ಅವು ಹಾರಿಸುವ ಟಾರ್ಪೆಡೋಗಳಿಗೆ ಇಲ್ಲ. ಅಷ್ಟೆಲ್ಲ ಲೆಕ್ಕ ಹಾಕುವ ತ್ರಾಣ ಆ ಯಂತ್ರಕ್ಕಿರಲಿಲ್ಲ. ನಿಯಮ ಮುರಿಯಬೇಕಾಗಿ ಬಂದಾಗಲೂ ಎಲ್ಲಿ ಮುರಿದಿದ್ದೇವೆ ಎಂಬುದು ಆ ಹುಡುಗರಿಗೆ ಗೊತ್ತಿತ್ತು.

ಈಗ ನನ್ನ ಪ್ರಿಯ ವಿಷಯಕ್ಕೆ ಬರುತ್ತೇನೆ. ಭೌತಶಾಸ್ತ್ರದವನಲ್ಲವೇ, ಸ್ವಲ್ಪ ಸಹಿಸಿಕೊಳ್ಳಿ. ನೀವು ಆಡುವ ಎಷ್ಟೋ ಆಟಗಳಲ್ಲಿ ಗುಂಡಿ ಬಿಟ್ಟೊಡನೆ ನೌಕೆ ನಿಲ್ಲುತ್ತದೆ. ಅದು ಆಕಾಶನೌಕೆಯಲ್ಲ, ಆಟೋರಿಕ್ಷಾ. ಗಾಳಿಯಿಲ್ಲದ, ಘರ್ಷಣೆಯಿಲ್ಲದ ಶೂನ್ಯದಲ್ಲಿ ಒಮ್ಮೆ ಹೊರಟದ್ದು ಹೋಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಎಂಜಿನ್ ಉರಿಸಬೇಕು. 'ಸ್ಪೇಸ್‌ವಾರ್' ಆಡಿದವರಿಗೆ ಇದು ಮೊದಲ ಐದು ನಿಮಿಷದಲ್ಲೇ, ನಕ್ಷತ್ರಕ್ಕೆ ನಾಲ್ಕು ಸಲ ಬಿದ್ದು ಸುಟ್ಟುಹೋದ ಮೇಲೆ, ಅರ್ಥವಾಗುತ್ತಿತ್ತು. ನಾನು ಇದೇ ಪಾಠವನ್ನು ಕಪ್ಪು ಹಲಗೆಯ ಮೇಲೆ ಒಂದು ವಾರ ಮಾಡುತ್ತಿದ್ದೆ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮಂಗಳಯಾನ ನೌಕೆ ಮಂಗಳನ ಬಳಿ ಮಾಡಿದ್ದೂ ಇದನ್ನೇ. ಹತ್ತು ತಿಂಗಳಿಗೂ ಹೆಚ್ಚು ಕಾಲ ಪಯಣಿಸಿದ್ದ ನೌಕೆ ಹಿಂದುಮುಂದಾಗಿ ತಿರುಗಿ, ಸುಮಾರು 24 ನಿಮಿಷ ಎಂಜಿನ್ ಉರಿಸಿ, ವೇಗ ತಗ್ಗಿಸಿಕೊಂಡು ಮಂಗಳನ ಹಿಡಿತಕ್ಕೆ ಸಿಕ್ಕಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಲ್ಲಿ ಕುಳಿತವರು ಆ ಹೊತ್ತಿನಲ್ಲಿ ಯಾವ ಗುಂಡಿಯನ್ನೂ ಒತ್ತುವಂತಿರಲಿಲ್ಲ. ರೇಡಿಯೋ ಸಂಕೇತ ಅಲ್ಲಿಂದ ಇಲ್ಲಿಗೆ ಬರಲು ಸುಮಾರು 12 ನಿಮಿಷ ಬೇಕು. ಇಲ್ಲಿಂದ ಆಜ್ಞೆ ಹೋಗಲು ಇನ್ನೊಂದು 12 ನಿಮಿಷ. ನೋಡಿ ಒತ್ತುವುದರೊಳಗೆ ಆಟ ಮುಗಿದಿರುತ್ತದೆ. ಆದ್ದರಿಂದ ಏನೇನಾಗಬೇಕೆಂಬುದನ್ನೆಲ್ಲ ಮೊದಲೇ ನೌಕೆಗೆ ಬರೆದು ಕಳಿಸಿ, ಇವರು ಉಸಿರು ಬಿಗಿಹಿಡಿದು ಕಾದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

'ಸ್ಪೇಸ್‌ವಾರ್' ಬರೆದವರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಆಟದಿಂದ ಹಣ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಆ ವ್ಯಾಪಾರದ ಇತಿಹಾಸವನ್ನು ಬಿಟ್ಟು ನೇರವಾಗಿ 1978ರ ಜಪಾನಿಗೆ ಹೋಗೋಣ.

ಟೋಕಿಯೋದ ಟೈಟೋ ಕಂಪನಿಯಲ್ಲಿ ತೊಮೊಹಿರೊ ನಿಶಿಕಾಡೊ ಎಂಬ ಎಂಜಿನಿಯರು ಗುಂಡು ಹಾರಿಸುವ ಆಟವೊಂದನ್ನು ರೂಪಿಸುತ್ತಿದ್ದರು. ಗುರಿಯಾಗಿ ಏನನ್ನು ಇಡುವುದು? ಟ್ಯಾಂಕು, ವಿಮಾನ ಎಲ್ಲವನ್ನೂ ಪ್ರಯತ್ನಿಸಿದರು. ಅವುಗಳ ಚಲನೆ ಸರಿಯಾಗಿ ಕೂಡಿಬರಲಿಲ್ಲ. ಮನುಷ್ಯರನ್ನು ಇಟ್ಟರೆ ಚಲನೆ ಚೆನ್ನಾಗಿ ಬರುತ್ತಿತ್ತು, ಆದರೆ ಮನುಷ್ಯರನ್ನು ಹೊಡೆಯುವ ಆಟ ಸಲ್ಲದು ಎಂದು ಕಂಪನಿಯಲ್ಲಿ ತೀರ್ಮಾನವಾಯಿತು. ಆಗ ನಿಶಿಕಾಡೊ ಅವರಿಗೆ ನೆನಪಾದದ್ದು ಎಚ್. ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್', ಅದರಲ್ಲಿ ಬರುವ ಅಷ್ಟಪದಿಯಂಥ ಮಂಗಳವಾಸಿಗಳು. ಅಷ್ಟಪದಿಯ ಜೊತೆಗೆ ಏಡಿ ಮತ್ತು ಸ್ಕ್ವಿಡ್ಡಿನ ಆಕಾರಗಳನ್ನೂ ಸೇರಿಸಿ, 5 ಸಾಲು, ಸಾಲಿಗೆ 11ರಂತೆ 55 ಜೀವಿಗಳನ್ನು ನಿಲ್ಲಿಸಿದರು. ಅದೇ ಜಗತ್ತನ್ನೇ ಹುಚ್ಚು ಹಿಡಿಸಿದ 'ಸ್ಪೇಸ್ ಇನ್‌ವೇಡರ್ಸ್'.

ಈ ಆಟದ ಒಂದು ಗುಟ್ಟು ಹೇಳುತ್ತೇನೆ. ಶತ್ರುಗಳು ಕಡಿಮೆಯಾದಷ್ಟೂ ಉಳಿದವು ಬೇಗ ಬೇಗ ಚಲಿಸುತ್ತವೆ. ಹಿನ್ನೆಲೆಯ ನಾಲ್ಕು ಸ್ವರಗಳ ಸದ್ದೂ ಎದೆಬಡಿತದಂತೆ ಏರುತ್ತದೆ. ಆಡುವವನಿಗೆ ಶತ್ರು ಕೆರಳಿದ್ದಾನೆ ಅನ್ನಿಸುತ್ತದೆ. ಆದರೆ ಈ ವೇಗ ಯೋಜಿಸಿ ತಂದದ್ದಲ್ಲ. ಒಳಗಿದ್ದ ಸಂಸ್ಕಾರಕ ಬಹಳ ನಿಧಾನದ್ದು. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಪ್ರತಿ ಸಲವೂ ಒಂದೇ ಒಂದು ಜೀವಿಯನ್ನು ಒಂದು ಹೆಜ್ಜೆ ಸರಿಸಲಾಗುತ್ತದೆ. 55 ಜೀವಿಗಳಿದ್ದರೆ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು. ಒಂದೇ ಉಳಿದರೆ? ಅದೊಂದೇ ಸೆಕೆಂಡಿಗೆ 60 ಸಲ ಸರಿಯುತ್ತದೆ. ಯಂತ್ರದ ಬಡತನದಿಂದ ಹುಟ್ಟಿದ ಈ ಗುಣವನ್ನು ನಿಶಿಕಾಡೊ ತಿದ್ದದೆ ಹಾಗೆಯೇ ಉಳಿಸಿಕೊಂಡರು. ಮುಂದಕ್ಕೆ ಹೋದಂತೆಲ್ಲ ಆಟ ಕಠಿಣವಾಗಬೇಕು ಎಂಬ ಪಾಠವನ್ನು ಎಷ್ಟೋ ಆಟಗಳು ಇದರಿಂದಲೇ ಕಲಿತವು.

ಆದರೆ ವೆಲ್ಸ್‌ನ ಕಾದಂಬರಿಯಿಂದ ಆಟಕ್ಕೆ ಬಂದದ್ದು ಅಷ್ಟಪದಿಯ ಆಕಾರ ಮಾತ್ರ. ಬಾರದೆ ಉಳಿದದ್ದು ಕಥೆ. 1898ರಲ್ಲಿ ಪುಸ್ತಕವಾಗಿ ಬಂದ ಆ ಕಾದಂಬರಿಯಲ್ಲಿ ಮಂಗಳವಾಸಿಗಳು ಇಂಗ್ಲೆಂಡಿನ ಮೇಲೆ ಬಂದೆರಗುತ್ತಾರೆ. ಜಗತ್ತನ್ನೇ ಆಳುತ್ತಿದ್ದ ಇಂಗ್ಲಿಷರು ಇಲಿಗಳಂತೆ ಬಿಲ ಹುಡುಕುತ್ತಾರೆ. ವೆಲ್ಸ್ ಮೊದಲನೆಯ ಅಧ್ಯಾಯದಲ್ಲೇ ತನ್ನ ಓದುಗರಿಗೆ ಒಂದು ಮಾತು ಜ್ಞಾಪಿಸುತ್ತಾನೆ: ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನಿಂದ ಹೋದವರು ಮಾಡಿದ್ದೇನು? ಮಂಗಳವಾಸಿಗಳನ್ನು ಬೈಯುವ ಮುನ್ನ ಅದನ್ನು ನೆನೆಯಿರಿ ಎಂಬುದು ಅವನ ಧೋರಣೆ. ಆಗ ಆ ಸಾಮ್ರಾಜ್ಯದ ಅಡಿಯಲ್ಲಿದ್ದ ನಮ್ಮ ದೇಶದವರು ಓದಿದ್ದರೆ ಅವರಿಗೆ ಹೆಚ್ಚು ವಿವರಣೆ ಬೇಕಾಗುತ್ತಿರಲಿಲ್ಲ. ಕೊನೆಗೆ ಮಂಗಳವಾಸಿಗಳನ್ನು ಕೊಂದದ್ದು ತೋಪೂ ಅಲ್ಲ, ವೀರನೂ ಅಲ್ಲ. ನಮ್ಮ ಮೈಗೆ ಒಗ್ಗಿಹೋಗಿರುವ, ಅವರ ಮೈಗೆ ಹೊಸದಾಗಿದ್ದ ಸೂಕ್ಷ್ಮಜೀವಿಗಳು. ಬಂದೂಕು ಹಿಡಿದ ಆಟಗಾರನಿಗೆ ಈ ಕಥೆಯಲ್ಲಿ ಮಾಡಲು ಕೆಲಸವೇ ಇಲ್ಲ.

ಕಥೆ ಆಟವಾದಾಗ ಹೀಗೆ ಏನೋ ಒಂದು ಸೋರಿಹೋಗುತ್ತದೆ. ಮನುಷ್ಯರನ್ನು ಹೊಡೆಯುವುದು ತಪ್ಪೆಂದು ಬೇರೆ ಗ್ರಹದ ಜೀವಿಗಳನ್ನು ತಂದು ನಿಲ್ಲಿಸಿದರು, ಒಳ್ಳೆಯ ಮನಸ್ಸಿನಿಂದಲೇ. ಅಲ್ಲಿಗೆ ಪ್ರಶ್ನೆ ಮುಗಿಯಿತೇ? ಅವು ಏಕೆ ಬಂದಿವೆ, ಅವುಗಳಿಗೂ ಮಾತು ಬರುತ್ತದೆಯೇ ಎಂದು ಕೇಳಲು ಪರದೆಯ ಮೇಲೆ ಗುಂಡಿಯೇ ಇರಲಿಲ್ಲ.

ಕೇಳಿದ್ದು ಪುಸ್ತಕ. ವಿಡಿಯೋ ಆಟ ನೋಡಿ ಬೆಳೆದ ಹುಡುಗರಿಗಾಗಿಯೇ ಹೇಳಿದಂತಿರುವ ಎರಡು ಕಾದಂಬರಿಗಳನ್ನು ನಾನು ನಿಮಗೆ ಪರಿಚಯ ಮಾಡಿಕೊಡಬೇಕು.

ಮೊದಲನೆಯದು ಅಮೆರಿಕದ ಆರ್ಸನ್ ಸ್ಕಾಟ್ ಕಾರ್ಡ್ ಬರೆದ 'ಎಂಡರ್ಸ್ ಗೇಮ್'. 1977ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಕಥೆಯನ್ನು ಲೇಖಕ ಬೆಳೆಸಿ 1985ರಲ್ಲಿ ಕಾದಂಬರಿಯಾಗಿಸಿದ. ವಿಜ್ಞಾನ ಸಾಹಿತ್ಯಕ್ಕೆ ಕೊಡುವ ನೆಬ್ಯುಲಾ, ಹ್ಯೂಗೋ ಎಂಬ ಎರಡು ದೊಡ್ಡ ಪ್ರಶಸ್ತಿಗಳೂ ಅದಕ್ಕೆ ಬಂದವು. 2013ರಲ್ಲಿ ಚಲನಚಿತ್ರವೂ ಆಯಿತು. ಚಿತ್ರ ನೋಡಿದವರು ಪುಸ್ತಕ ಓದಿದ್ದೇವೆಂದು ತಿಳಿಯಬಾರದು.

ಕೀಟರೂಪದ ಜೀವಿಗಳು ಎರಡು ಬಾರಿ ಮನುಷ್ಯರ ಮೇಲೆ ದಾಳಿ ಮಾಡಿವೆ. ಮೂರನೆಯದಕ್ಕೆ ಸಿದ್ಧರಾಗಬೇಕು. ದೊಡ್ಡವರ ಬುದ್ಧಿ ಚುರುಕು ಸಾಲದೆಂದು ಸೇನೆಯವರು ಪುಟ್ಟ ಮಕ್ಕಳನ್ನು ಆರಿಸಿ, ಆಕಾಶದಲ್ಲಿ ತೇಲುವ ಶಾಲೆಯೊಂದರಲ್ಲಿ ತರಬೇತಿ ಕೊಡುತ್ತಾರೆ. ಎಂಡರ್ ಎಂಬ ಹುಡುಗ ಅಲ್ಲಿಗೆ ಹೋಗುವಾಗ ಅವನಿಗೆ ಆರು ವರ್ಷ. ಶಾಲೆಯ ಮುಖ್ಯ ಪಾಠ ಒಂದು ಆಟ: ತೂಕವಿಲ್ಲದ ದೊಡ್ಡ ಕೋಣೆಯಲ್ಲಿ ಎರಡು ತಂಡಗಳು ತೇಲುತ್ತಾ ಕಾದಾಡಿ ಎದುರಾಳಿಯ ಬಾಗಿಲನ್ನು ಮುಟ್ಟಬೇಕು. ಇತರ ಹುಡುಗರು ಒಳಗೆ ಹೋದ ಮೇಲೂ ನೆಲ ಕೆಳಗಿದೆ, ಛಾವಣಿ ಮೇಲಿದೆ ಎಂದೇ ಯೋಚಿಸುತ್ತಾರೆ. ಎಂಡರ್‌ಗೆ ಹೊಳೆಯುತ್ತದೆ: ತೂಕವೇ ಇಲ್ಲದಿದ್ದರೆ ಮೇಲು ಕೆಳಗು ಎಲ್ಲಿಂದ ಬಂತು? ಎದುರಾಳಿಯ ಬಾಗಿಲೇ ಕೆಳಗು ಎಂದುಕೊಂಡರಾಯಿತು, ಅತ್ತ ಕಾಲು ಚಾಚಿ ಬೀಳುತ್ತಿದ್ದೇವೆಂದು ಭಾವಿಸಿದರಾಯಿತು; ಆಗ ಶತ್ರುವಿಗೆ ಕಾಣುವುದು ಅಂಗಾಲು ಮಾತ್ರ, ಗುರಿ ಚಿಕ್ಕದಾಗುತ್ತದೆ. ಈ ಪುಟಗಳನ್ನು ನಾನು ಪಿ.ಯು.ಸಿ. ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಉಲ್ಲೇಖ ಚೌಕಟ್ಟು ಎಂಬ ಪರಿಕಲ್ಪನೆಯನ್ನು ಇಷ್ಟು ಚೆನ್ನಾಗಿ ಹೇಳುವ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಹುಡುಗನನ್ನು ಕೊನೆಗೆ ದೂರದ ಕೇಂದ್ರವೊಂದಕ್ಕೆ ಒಯ್ದು ಪರದೆಯ ಮುಂದೆ ಕೂರಿಸುತ್ತಾರೆ. ದಿನವೂ ಆಟ, ನೌಕೆಗಳ ಪಡೆಗೆ ಆಜ್ಞೆ ಕೊಟ್ಟು ಶತ್ರುಪಡೆಯನ್ನು ಸೋಲಿಸಬೇಕು. ದಿನದಿನಕ್ಕೆ ಆಟ ಕಠಿಣವಾಗುತ್ತದೆ, ಹುಡುಗ ಸೊರಗುತ್ತಾನೆ, ನಿದ್ರೆಯಲ್ಲಿ ಕೈ ಕಚ್ಚಿಕೊಳ್ಳುತ್ತಾನೆ. ಕೊನೆಯ ಪರೀಕ್ಷೆಯ ದಿನ ಪರದೆಯ ಮೇಲೆ ಒಂದು ಗ್ರಹ, ಅದರ ಸುತ್ತ ಸಾವಿರಾರು ಶತ್ರು ನೌಕೆಗಳು. ಸಿಟ್ಟಿನಿಂದ, ಈ ಪರೀಕ್ಷೆಯೇ ಬೇಡ, ನನ್ನನ್ನು ಹೊರಗೆ ಹಾಕಲಿ ಎಂಬ ಹಟದಿಂದ ಅವನು ಆ ಗ್ರಹವನ್ನೇ ಸಿಡಿಸಿಬಿಡುತ್ತಾನೆ. ಹಿಂದೆ ನಿಂತಿದ್ದ ಸೇನಾಧಿಕಾರಿಗಳು ಅಳುತ್ತಿದ್ದಾರೆ, ನಗುತ್ತಿದ್ದಾರೆ.

ಮುಂದೆ ಹೇಳಿದರೆ ಓದುವ ಸುಖ ಹೋಗುತ್ತದೆ; ಹೇಳದಿದ್ದರೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಸುಖ ಬೇಕಾದವರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ. ಅದು ಆಟವಾಗಿರಲಿಲ್ಲ. ನೌಕೆಗಳು ನಿಜ, ಅದರಲ್ಲಿ ಸತ್ತವರು ನಿಜ, ಆ ಗ್ರಹವೂ ನಿಜ. ಹನ್ನೆರಡು ತುಂಬದ ಹುಡುಗ ಒಂದು ಇಡೀ ಜೀವಕುಲವನ್ನು ಅಳಿಸಿಹಾಕಿದ್ದಾನೆ. ಅದಕ್ಕಿಂತ ಭಯಂಕರವಾದ ಸಂಗತಿ ಆಮೇಲೆ ತಿಳಿಯುತ್ತದೆ: ಆ ಜೀವಿಗಳು ಮತ್ತೆ ದಾಳಿ ಮಾಡುವ ಯೋಚನೆಯಲ್ಲೇ ಇರಲಿಲ್ಲ. ಮನುಷ್ಯರಿಗೂ ಮನಸ್ಸಿದೆಯೆಂದು ಅವುಗಳಿಗೆ ಮೊದಲು ತಿಳಿದಿರಲಿಲ್ಲ. ತಿಳಿದ ಮೇಲೆ ದೂರ ಸರಿದಿದ್ದವು.

ಪೀಣ್ಯದ 12 ನಿಮಿಷ ನೆನಪಿದೆಯೇ? ಬೇರೆ ನಕ್ಷತ್ರದ ಬಳಿ ನಡೆಯುವ ಯುದ್ಧವನ್ನು ಪರದೆಯ ಮುಂದೆ ಕುಳಿತು ನಡೆಸಬೇಕಾದರೆ ಸುದ್ದಿ ಬೆಳಕಿಗಿಂತ ವೇಗವಾಗಿ ಹೋಗಬೇಕು. ಅದಕ್ಕಾಗಿ ಕಾರ್ಡ್ ತನ್ನ ಕಥೆಯಲ್ಲಿ 'ಆನ್ಸಿಬಲ್' ಎಂಬ ಯಂತ್ರವನ್ನು ಇಟ್ಟಿದ್ದಾನೆ. ಆ ಹೆಸರು ಅವನದಲ್ಲ, ಉರ್ಸುಲಾ ಲೆ ಗ್ವಿನ್ ಎಂಬ ಲೇಖಕಿ 1966ರ ತಮ್ಮ ಕಾದಂಬರಿಯಲ್ಲಿ ಮೊದಲು ಬಳಸಿದ್ದು. ನಮಗೆ ತಿಳಿದ ಭೌತಶಾಸ್ತ್ರದಲ್ಲಿ ಅಂಥ ಯಂತ್ರಕ್ಕೆ ಜಾಗವಿಲ್ಲ. ಆದರೆ ಕಥೆಗೆ ಅದು ಬೇಕೇ ಬೇಕು, ಏಕೆಂದರೆ ಅದಿಲ್ಲದೆ ಎಂಡರ್‌ಗೆ ಆಟವೆಂಬ ಭ್ರಮೆ ಹುಟ್ಟುವಂತಿಲ್ಲ. ವಿಜ್ಞಾನ ಕಥೆಯಲ್ಲಿ ಒಂದು ಸುಳ್ಳನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ನಿಜವಾಗಿ ನಡೆಯಬೇಕು. ಒಳ್ಳೆಯ ಲೇಖಕರು ಆ ಒಂದನ್ನು ಬಹಳ ಯೋಚಿಸಿ ಆರಿಸುತ್ತಾರೆ.

ಈ ಪುಸ್ತಕದ ಬಗ್ಗೆ ನನಗೊಂದು ತಕರಾರೂ ಇದೆ. ಅಭಿಮನ್ಯುವನ್ನು ಚಕ್ರವ್ಯೂಹಕ್ಕೆ ಕಳಿಸಿದವರೂ ದೊಡ್ಡವರೇ. ಆದರೆ ಅಭಿಮನ್ಯುವಿಗೆ ಎದುರಿಗಿರುವವರು ಯಾರೆಂದು ಗೊತ್ತಿತ್ತು. ಎಂಡರ್‌ಗೆ ಗೊತ್ತಿರಲಿಲ್ಲ, ಆದ್ದರಿಂದ ಅವನ ಮನಸ್ಸು ಶುದ್ಧ ಎಂದು ಲೇಖಕ ಹುಡುಗನ ಪರವಾಗಿ ವಕಾಲತ್ತು ವಹಿಸುತ್ತಾನೆ. ಅದು ಸ್ವಲ್ಪ ಸುಲಭವಾಯಿತು ಎಂದು ನನ್ನ ಅನಿಸಿಕೆ. ಎಂಡರ್ ಮಾತ್ರ ತನ್ನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಅವನು ಏನು ಕಂಡ, ಏನು ಮಾಡಿದ ಎಂಬುದನ್ನು ನಾನು ಹೇಳುವುದಿಲ್ಲ. ಕಿವಿ ತೆಗೆಯಬಹುದು.

ಎರಡನೆಯ ಪುಸ್ತಕ ಇಂಗ್ಲೆಂಡಿನ ಟೆರಿ ಪ್ರಾಚೆಟ್ 1992ರಲ್ಲಿ ಬರೆದ 'ಓನ್ಲಿ ಯೂ ಕ್ಯಾನ್ ಸೇವ್ ಮ್ಯಾನ್‌ಕೈಂಡ್'. ಮನುಕುಲವನ್ನು ಉಳಿಸಲು ನಿನ್ನೊಬ್ಬನಿಂದಲೇ ಸಾಧ್ಯ ಎಂದು ಅರ್ಥ; ಆಟದ ಡಬ್ಬಿಯ ಮೇಲೆ ಅಚ್ಚು ಹಾಕಿದ ಜಾಹೀರಾತಿನಂತೆ ಕೇಳುತ್ತದೆಯಲ್ಲವೇ? ಕಥೆಯೊಳಗಿನ ಆಟದ ಹೆಸರೂ ಅದೇ. ಮೊದಲ ಪುಸ್ತಕದಷ್ಟು ಗಂಭೀರವಾಗಿಲ್ಲ, ಪುಟ ಪುಟಕ್ಕೂ ನಗು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಜಾನಿ ಮ್ಯಾಕ್ಸ್‌ವೆಲ್ ಹನ್ನೆರಡು ವರ್ಷದ ಸಾಧಾರಣ ಹುಡುಗ. ಓದಿನಲ್ಲೂ ಅಷ್ಟಕ್ಕಷ್ಟೆ, ಆಟದಲ್ಲೂ ಅಷ್ಟಕ್ಕಷ್ಟೆ. ಮನೆಯಲ್ಲಿ ತಂದೆ ತಾಯಿಗೆ ಸರಿಹೋಗುತ್ತಿಲ್ಲ. ಸದ್ಯ ಕಷ್ಟದ ಕಾಲ ಎಂದು ಹೇಳಿ ಅವನ ಪಾಡಿಗೆ ಅವನನ್ನು ಬಿಟ್ಟಿದ್ದಾರೆ. ಅವನು ಗೆಳೆಯ ಕೊಟ್ಟ ಕಳ್ಳಪ್ರತಿಯ ಆಟವೊಂದನ್ನು ಆಡುತ್ತಾ ಸ್ಕ್ರೀವೀ ಎಂಬ ಶತ್ರುಗಳ ದೊಡ್ಡ ನೌಕೆಗೆ ಗುರಿಯಿಟ್ಟಿದ್ದಾಗ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ನಿಮ್ಮೊಡನೆ ಮಾತನಾಡಬೇಕು, ನಾವು ಶರಣಾಗಲು ಬಯಸುತ್ತೇವೆ ಎಂದು. ಆಟದ ಕೈಪಿಡಿಯಲ್ಲಿ ಶರಣಾಗತಿಯ ಮಾತೇ ಇಲ್ಲ. ಜಾನಿ ಗುಂಡು ಹಾರಿಸುವುದಿಲ್ಲ. ಅಲ್ಲಿಂದ ಕಥೆ ಆರಂಭ.

ಮಾತು ಕೊಟ್ಟ ಮೇಲೆ ಮುಗಿಯಿತಲ್ಲ. ಅವರನ್ನು ಸುರಕ್ಷಿತವಾಗಿ ಅವರ ಗಡಿಯವರೆಗೆ ತಲುಪಿಸುವ ಹೊಣೆ ಜಾನಿಯ ಮೇಲೆ ಬೀಳುತ್ತದೆ. ಹಗಲು ಶಾಲೆ, ರಾತ್ರಿ ನಿದ್ರೆಯಲ್ಲಿ ಆಟದೊಳಗಿನ ಆಕಾಶ. ಅವನಂತೆಯೇ ಆ ಆಟ ಕೊಂಡ ಹುಡುಗರೆಲ್ಲ ಆ ನೌಕೆಗಳನ್ನು ಹೊಡೆಯಲು ಬರುತ್ತಲೇ ಇದ್ದಾರೆ. ಅವರ ಪಾಲಿಗೆ ಇದು ಆಟ, ಹೊಡೆಸಿಕೊಳ್ಳುವವರ ಪಾಲಿಗೆ ಅಲ್ಲ. ಇತ್ತ ಅಂಗಡಿಗಳಲ್ಲಿ ಗ್ರಾಹಕರ ಜಗಳ: ನೀವು ಕೊಟ್ಟ ಆಟದಲ್ಲಿ ಶತ್ರುಗಳೇ ಇಲ್ಲ, ಬರೀ ಖಾಲಿ ಆಕಾಶ!

ದಾರಿಯಲ್ಲಿ ಅವರಿಗೆ ಹಳೆಯ ನೌಕೆಗಳ ಅವಶೇಷಗಳು ಸಿಗುತ್ತವೆ. ನಿಶಿಕಾಡೊ ಅವರ ಆ 'ಸ್ಪೇಸ್ ಇನ್‌ವೇಡರ್ಸ್' ನೆನಪಿದೆಯಲ್ಲ, ಅದರ ಜೀವಿಗಳದ್ದು. ಸಾಲಾಗಿ ಬರುವುದು, ಸಾಯುವುದು, ಮತ್ತೆ ಬರುವುದು; ಇದರ ಹೊರತು ಬೇರೆ ದಾರಿ ಇರಬಹುದೆಂದು ಹೊಳೆಯದೆ ನಿರ್ನಾಮವಾದವರ ಸ್ಮಶಾನ ಅದು. ನಾನು ಈ ಭಾಗವನ್ನು ಮೊದಲ ಸಲ ಓದಿದ್ದು ರೈಲಿನಲ್ಲಿ. ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತೆ. ನಾಣ್ಯ ಹಾಕಿ ಆ ಆಟವನ್ನು ನಾನೂ ಆಡಿದ್ದೆ.

ಈ ಪುಸ್ತಕದ ಹಿನ್ನೆಲೆಯಲ್ಲಿ ಇನ್ನೊಂದು ಪರದೆ ಉರಿಯುತ್ತಿರುತ್ತದೆ. 1991ರ ಜನವರಿ 17ರಂದು ಇರಾಕಿನ ಮೇಲೆ ವಾಯುದಾಳಿ ಆರಂಭವಾಯಿತು. ಆ ಕೊಲ್ಲಿ ಯುದ್ಧದ ದೃಶ್ಯಗಳು ಟೆಲಿವಿಷನ್ನಿನಲ್ಲಿ ಬಂದವು. ಬಾಂಬಿನ ಗುರಿ ತೋರಿಸುವ ಕ್ಯಾಮೆರಾದ ಚಿತ್ರ: ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಕಟ್ಟಡವೊಂದು ಹತ್ತಿರ ಬರುತ್ತದೆ, ಬೆಳಕು ಚಿಮ್ಮಿ ಪರದೆ ಖಾಲಿಯಾಗುತ್ತದೆ. ಕಟ್ಟಡದೊಳಗೆ ಯಾರಿದ್ದರೆಂದು ಚಿತ್ರದಲ್ಲಿ ಕಾಣುವುದಿಲ್ಲ. ಜಾನಿಯ ಮನೆಯ ಟೀವಿಯಲ್ಲೂ ಅದೇ ಬರುತ್ತಿದೆ. ಆಟದಲ್ಲಿರುವ ಸ್ಕ್ರೀವೀಗಳಿಗೆ ಪ್ರಾಣವಿದೆಯೆಂದು ಹುಡುಗ ಹಟ ಹಿಡಿದಿದ್ದಾನೆ. ಟೀವಿಯಲ್ಲಿರುವ ಮನುಷ್ಯರಿಗೆ ಪ್ರಾಣವಿದೆಯೆಂಬುದನ್ನು ದೊಡ್ಡವರು ಊಟ ಮಾಡುತ್ತಾ ಮರೆತಿದ್ದಾರೆ. ಪ್ರಾಚೆಟ್ ಇದನ್ನು ಎಲ್ಲೂ ಉಪದೇಶ ಮಾಡುವುದಿಲ್ಲ. ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು ತಮಾಷೆ ಮಾಡುತ್ತಾ ಹೋಗುತ್ತಾನೆ.

ಇದೇ ದಾರಿಯಲ್ಲಿ ಬೇರೆ ಪುಸ್ತಕಗಳೂ ಚಿತ್ರಗಳೂ ಇವೆ. 1982ರ 'ಟ್ರಾನ್' ಚಿತ್ರದಲ್ಲಿ ಮನುಷ್ಯನೇ ಗಣಕದೊಳಗೆ ಹೋಗಿ ಸಿಕ್ಕಿಕೊಳ್ಳುತ್ತಾನೆ. ಅರ್ನೆಸ್ಟ್ ಕ್ಲೈನ್ 2011ರಲ್ಲಿ ಬರೆದ 'ರೆಡಿ ಪ್ಲೇಯರ್ ಒನ್' ನಿಮ್ಮಲ್ಲಿ ಹಲವರಿಗೆ ಇಷ್ಟವಾಗಬಹುದು. ನನಗೆ ಅದು ಹಳೆಯ ಆಟಗಳ ಪಟ್ಟಿಯನ್ನು ಯಾರೋ ಉತ್ಸಾಹದಿಂದ ಓದಿ ಹೇಳಿದಂತೆ ಅನ್ನಿಸಿತು. ನಮ್ಮ ಭಾಷೆಯಲ್ಲಿ ವಿಜ್ಞಾನ ಕಥೆಯ ರುಚಿ ಬೇಕೆನ್ನುವವರು ರಾಜಶೇಖರ ಭೂಸನೂರಮಠ ಅವರ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಬೇಕು.

ನಾನು ಹೇಳಿದ ಎರಡು ಪುಸ್ತಕಗಳೂ ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವವರು ಹೆದರಬೇಕಾಗಿಲ್ಲ. ಪ್ರಾಚೆಟ್‌ನ ಪುಸ್ತಕ ತೆಳ್ಳಗಿದೆ, ವಾಕ್ಯಗಳು ಚಿಕ್ಕವು. ಪಕ್ಕದಲ್ಲಿ ಒಂದು ನಿಘಂಟು, ಬೇಸರವಿಲ್ಲದ ಒಬ್ಬ ಗೆಳೆಯ ಇದ್ದರೆ ಸಾಕು. ಅದನ್ನೇ ಮೊದಲು ಓದಿ. ಎಂಡರ್‌ನ ಕಥೆಯಲ್ಲಿ ಹುಡುಗರ ನಡುವಿನ ಕ್ರೌರ್ಯ ಬಹಳ ಇದೆ. ಪ್ರೌಢಶಾಲೆಯ ಕೊನೆಯ ತರಗತಿಗೆ ಬಂದ ಮೇಲೆ ಓದಿದರೆ ಒಳ್ಳೆಯದು.

ನನ್ನ ತಂಗಿಯ ಮಗನಿಗೆ ಪ್ರಾಚೆಟ್‌ನ ಪುಸ್ತಕವನ್ನೇ ಕೊಟ್ಟೆ. ಮೊದಲ ದಿನ ಹತ್ತು ಪುಟ ಓದಿ ಮೂಲೆಗಿಟ್ಟ. ಎರಡು ದಿನ ಬಿಟ್ಟು ಮಳೆ ಬಂದು ಕರೆಂಟು ಹೋಯಿತು, ಫೋನಿನ ಬ್ಯಾಟರಿ ಮುಗಿಯಿತು; ಮೇಣದ ಬತ್ತಿಯ ಬೆಳಕಿನಲ್ಲಿ ಅರ್ಧ ಪುಸ್ತಕ ಮುಗಿಸಿದ. ನನ್ನ ಬೋಧನೆಗಿಂತ ವಿದ್ಯುತ್ ನಿಲುಗಡೆಯ ಪ್ರಭಾವ ಹೆಚ್ಚೆಂದು ಒಪ್ಪಿಕೊಳ್ಳಲೇಬೇಕು.

ಮಾರನೆಯ ದಿನ ಅವನು ತನ್ನ ಆಟವನ್ನು ತೆರೆದು, ಫೋನನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು ನೋಡುತ್ತಾ ಕುಳಿತಿದ್ದ. ಶತ್ರು ನೌಕೆಗಳು ಬಂದವು, ಅವನ ನೌಕೆ ಚೂರಾಯಿತು. ಮತ್ತೆ ಶುರು ಮಾಡಿದ, ಮತ್ತೆ ಚೂರಾಯಿತು.

"ನಾನು ಹೊಡೀದೇ ಇದ್ರೂ ಅವರು ಹೊಡೀತಾರೆ ಮಾಮ. ಮಾತೇ ಆಡಲ್ಲ."

"ಅವರಿಗೆ ಮಾತು ಬರೆದುಕೊಟ್ಟಿಲ್ಲವಲ್ಲೋ" ಎಂದೆ.

ಊರಿಗೆ ಹೋದವನು ಹೋದ ತಿಂಗಳು ಫೋನು ಮಾಡಿದ್ದ. ಶಾಲೆಯಲ್ಲಿ ಕಲಿಸಿದ ಪೈಥಾನ್ ಭಾಷೆಯಲ್ಲಿ ತಾನೇ ಒಂದು ಆಟ ಬರೆಯುತ್ತಿದ್ದಾನಂತೆ. ಎರಡು ನೌಕೆಗಳು, ಮೂರು ಸಲ ಗುಂಡು ಹಾರಿಸದೆ ತಪ್ಪಿಸಿಕೊಂಡರೆ ಎದುರಿನ ನೌಕೆ ನಿಂತು ಏನೋ ಹೇಳುತ್ತದೆಯಂತೆ. ಏನು ಹೇಳುತ್ತದೆ ಎಂದು ಕೇಳಿದರೆ ಇನ್ನೂ ಯೋಚಿಸಿಲ್ಲ ಎಂದ. ಸದ್ಯಕ್ಕೆ ಅವನ ತೊಂದರೆ ಬೇರೆ. ಬಲಕ್ಕೆ ತಿರುಗಿಸಿದರೆ ನೌಕೆ ಎಡಕ್ಕೆ ಹೋಗುತ್ತಿದೆ. ಸೈನ್ ಇರಬೇಕಾದ ಕಡೆ ಕೊಸೈನ್ ಬರೆದಿದ್ದಾನೋ ಏನೋ, ನೋಡಬೇಕು. ಬರುವ ಭಾನುವಾರ ಕಾಗದ ಪೆನ್ಸಿಲು ತೆಗೆದುಕೊಂಡು ಬಾ ಎಂದಿದ್ದೇನೆ.